ಮೂವತ್ತೆಂಟು ಡಿಗ್ರಿ

ನಿವೃತ್ತಿಯ ಸಂಚಿಕೆಗೆ ಒಂದು ಪುಟ ಬರೆದುಕೊಡಿ ಮೇಡಂ,
ಸಂಶೋಧನೆ, ಸಾಧನೆ, ಜೊತೆಗೊಂದು ಫೋಟೋ,
ಎಂದಳು ನಾಗವೇಣಿ.
ಹನ್ನೊಂದು ಪ್ರಬಂಧ, ಒಂದೇ ಪ್ರಶ್ನೆ.
ಫೋಟೋ ಆಮೇಲೆ ನೋಡೋಣ.

ಪ್ರಶ್ನೆ ಇದು:
ಬೆನ್ನಿನ ಗೆರೆ ಮಡಚಿ ಕೊಳವೆಯಾಗುವ ಹೊತ್ತಿಗೆ
ಅಂಚಿನಿಂದ ಕೆಲವು ಕೋಶ ಕಳಚಿಕೊಂಡು
ನಡೆಯತೊಡಗುತ್ತವೆ.
ಮುಖದ ಮೂಳೆಯಾಗುವವು ಉಂಟು, ಚರ್ಮದ ಬಣ್ಣವಾಗುವವು ಉಂಟು.
ನನ್ನವು ಕರುಳಿಗೆ ಹೋಗುವವು.
ಗಂಟಲ ಕೆಳಗಿಂದ ಹೊರಟು ಗುದದ ತನಕ
ದಾರಿಯುದ್ದ ನರದ ಠಾಣೆ ಹಾಕುತ್ತ.
ಯಾರು ಹೇಳುತ್ತಾರೆ ಅವಕ್ಕೆ
ಇನ್ನೂ ಮುಂದೆ, ಇನ್ನೂ ಮುಂದೆ,
ಸಾಕು, ಇಲ್ಲಿ ನಿಲ್ಲು?

ನೋಡಲು ಬುರ್ಲಿಹಕ್ಕಿ ಬೇಕು.
ಬಣ್ಣ ಹಾಕಿದರೆ ಅದರ ಕೋಶದ ನಡುವೆ ಕಪ್ಪು ಚುಕ್ಕೆ,
ಕೂಸಿನ ಕೆನ್ನೆಯ ದೃಷ್ಟಿಬೊಟ್ಟಿನ ಹಾಗೆ.
ಬುರ್ಲಿಯ ಚೂರನ್ನು ಕೋಳಿಯ ಬೆನ್ನಿಗೆ ನೆಟ್ಟರೆ
ಕೋಳಿಯೂರಲ್ಲಿ ಬುರ್ಲಿಯವರು ಎಲ್ಲಿ ಹೋದರೂ ಗುರುತು ಸಿಗುತ್ತದೆ.
ಚಿಪ್ಪಿಗೊಂದು ಕಿಟಕಿ ಕೊಯ್ದು,
ಸೂಜಿಯಲ್ಲಿ ಅಡಿಗೆ ಇಂಡಿಯನ್ ಇಂಕು ಬಿಟ್ಟು
(ಸ್ಟೇಷನರಿ ಅಂಗಡಿಯವನಿಗೆ ಕೊನೆಯ ತನಕ ನಾನು ಡ್ರಾಯಿಂಗ್ ಟೀಚರು)
ಉಸಿರು ಬಿಗಿಹಿಡಿದು ನೆಟ್ಟು, ಟೇಪು ಅಂಟಿಸಿ
ಮೂವತ್ತೆಂಟು ಡಿಗ್ರಿಯಲ್ಲಿ ಮಲಗಿಸಬೇಕು.
ನೂರಕ್ಕೆ ಎಂಬತ್ತು ಸಾಯುತ್ತವೆ.

ತೊಂಬತ್ತೇಳರ ಧನುರ್ಮಾಸ, ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ನಾಳೆ ಸಂಜೆಗೆ ಎಂದರು ಫೋನಲ್ಲಿ.
ಐದನೇ ದಿನದ ಇಪ್ಪತ್ತಮೂರು ಮೊಟ್ಟೆ.
ಒಳಗೆ ಬುರ್ಲಿಯವರು ಅರ್ಧ ದಾರಿಯಲ್ಲಿದ್ದರು.
ಅಟೆಂಡರ್ ಓಬಳೇಶಿ ತಲೆ ಕೆರೆದು ಅಂದ,
"ಮಂಡಕ್ಕಿ ಭಟ್ಟಿ ರಾತ್ರೆಲ್ಲ ಉರಿತಿರ್ತೈತ್ರಿ."

ಮಿಲ್ಲಿನ ಗೋದಾಮಿನ ಅರಳೆ ಸುತ್ತಿ
ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆ
ಗುಂಡಿ ಗುಂಡಿಗೂ ಡ್ರೈವರನನ್ನು ಬೈಯುತ್ತ.
ದಾದಾಪೀರನ ಭಟ್ಟಿ. ಹೊಟ್ಟಿನ ಬೆಂಕಿ, ಕಾದ ಮರಳು,
ಸಿಡಿದು ಬೆಳ್ಳಗಾಗುವ ಅಕ್ಕಿ.
ಒಲೆಯ ಮಗ್ಗುಲಲ್ಲಿ ನಲವತ್ತಾರು, ಚೀಲದ ರಾಶಿಯ ಮೇಲೆ ಮೂವತ್ತಮೂರು.
ಥರ್ಮಾಮೀಟರ್ ಹಿಡಿದು ಅಡ್ಡಾಡಿದೆ
ಬಾಡಿಗೆ ಮನೆ ಹುಡುಕುವವಳಂತೆ.
ಖಮರುನ್ನಿಸಾ ಮೊರ ಕೆಳಗಿಟ್ಟು
ತನ್ನ ಬುತ್ತಿ ಬೆಚ್ಚಗಿಡುವ ಗೂಡು ತೋರಿಸಿದಳು.
ಮೂವತ್ತೆಂಟು. ಗೆರೆ ಎಳೆದ ಹಾಗೆ.

ದಾದಾಪೀರ್ ಒಂದನ್ನೆತ್ತಿ ಬೆಂಕಿಯ ಬೆಳಕಿಗೆ ಹಿಡಿದ.
ಕೆಂಪು ನೂಲಿನ ಬಲೆ, ನಡುವೆ ಮಿಡಿತ.
"ಮರಿ ಆಗ್ತಾವೇನ್ರಿ ಮೇಡಂ?"
ಎಂಟನೇ ದಿನ ಫಾರ್ಮಲಿನ್‌ಗೆ ಹಾಕುವವಳು ನಾನು.
"ಇಲ್ಲ," ಎಂದೆ.
ಅವನು ಏನೂ ಅನ್ನಲಿಲ್ಲ. ಮೊಟ್ಟೆಯನ್ನು ಮೊದಲಿದ್ದಲ್ಲೇ,
ಮೊದಲಿದ್ದ ಮಗ್ಗುಲಿಗೇ ಇಟ್ಟ.
ಬೆಳಗಿನ ತನಕ ಬೆಂಕಿ ಏರದಂತೆ, ಇಳಿಯದಂತೆ
ಹೊಟ್ಟು ಎರಚುತ್ತ ಕೂತ.

ಹದಿನಾಲ್ಕು ಉಳಿದವು.
ಪ್ರಬಂಧದಲ್ಲಿ ಒಂದು ಸಾಲಿದೆ:
ಮೊಟ್ಟೆಗಳನ್ನು ಮೂವತ್ತೆಂಟು ಡಿಗ್ರಿಯಲ್ಲಿ ಕಾವಿಗಿಡಲಾಯಿತು.
ಇಡಲಾಯಿತು.
ಎಷ್ಟು ಚೆಂದದ ಕರ್ಮಣಿ ಪ್ರಯೋಗ,
ಇಟ್ಟವರು ಯಾರೂ ಇಲ್ಲ.

ಆಮೇಲೆ ಮಕ್ಕಳ ಆಸ್ಪತ್ರೆಯ ಸರ್ಜನ್ ಚೂರು ಕಳಿಸತೊಡಗಿದರು,
ಹುಟ್ಟಿದ ಎರಡೇ ದಿನಕ್ಕೆ ಹೊಟ್ಟೆಯುಬ್ಬಿದ ಕೂಸುಗಳ ಕರುಳಿನ ತುದಿ.
ಹೆಸರಿಲ್ಲ, ನಂಬರು ಮಾತ್ರ.
ಸ್ಲೈಡು ಸರಿಸುತ್ತೇನೆ: ನರಕೋಶ, ನರಕೋಶ, ಇನ್ನೊಂದು,
ಆಮೇಲೆ ಬಯಲು.
ಇಲ್ಲಿಯ ತನಕ ಬಂದಿದ್ದವು. ಇಲ್ಲಿಂದ ಮುಂದೆ ಬರಲಿಲ್ಲ.
ಎಲ್ಲಿ ಕತ್ತರಿಸಲಿ ಎಂದು ಸರ್ಜನ್ ಕೇಳುತ್ತಾರೆ, ಹೇಳುತ್ತೇನೆ.
ಒಮ್ಮೆ ಒಬ್ಬ ತಾಯಿ ಲ್ಯಾಬಿನ ಬಾಗಿಲಿಗೇ ಬಂದಿದ್ದಳು,
ಗ್ರಹಣದಲ್ಲಿ ಹೊರಗೆ ಹೋಗಿದ್ದೆ, ಅದಕ್ಕೇನಾ ಎಂದು.
ಅಲ್ಲ ಕಣಮ್ಮ ಎಂದೆ.
ಅಲ್ಲ ಎನ್ನುವಷ್ಟು ಕಲಿಯಲು ಮೂವತ್ತು ವರ್ಷ ಹಿಡಿದಿದೆ.
ಮತ್ತೆ ಯಾಕೆ ಎಂದು ಅವಳು ಕೇಳಲಿಲ್ಲ, ಪುಣ್ಯ.

ನಾಗವೇಣಿ, ಪುಟ ತುಂಬಿತು.
ಇನ್‌ಕ್ಯುಬೇಟರಿನ ಬಾಗಿಲು ಸರಿಯಾಗಿ ಕೂರುವುದಿಲ್ಲ,
ಮೊಣಕಾಲಿನಿಂದ ಒತ್ತಬೇಕು.
ಒಳಗೆ ಹನ್ನೆರಡಿವೆ.
ಗುರುವಾರಕ್ಕೆ ಎಂಟನೇ ದಿನ.